ಕಂಚುಗಾರರ ಬೀದಿಯ ಮೊಲ

"ಗುರುಗಳೇ, ನಾನು ಯಾವ ದಿಕ್ಕನ್ನು ಕಾಯದೆ ಬಿಟ್ಟೆ?"

ಹಾಲಪ್ಪ ಮಠದ ಜಗಲಿ ಹತ್ತುತ್ತಲೇ ಕೇಳಿದ. ಕೈಮುಗಿಯುವುದನ್ನೂ ಮರೆತಿದ್ದ. ಅವನು ಬರುತ್ತಿರುವುದು ಗುರುಗಳಿಗೆ ಆಗಲೇ ಗೊತ್ತಾಗಿತ್ತು. ಕಿರ್ ಕಿರ್ ಎನ್ನುವ ಅವನ ಚಪ್ಪಲಿಯ ಸದ್ದು ಬೀದಿಯ ತಿರುವಿನಿಂದಲೇ ಕೇಳಿಸುತ್ತಿತ್ತು.

"ಏನಾಯಿತು?" ಎಂದರು ಗುರುಗಳು.

"ಮಗಳು ಊಟ ಬಿಟ್ಟಿದ್ದಾಳೆ. ನಮ್ಮ ಶಿವಲೀಲೆ! ದಿನದಿಂದ ದಿನಕ್ಕೆ ಕಡ್ಡಿಯಾಗುತ್ತಿದ್ದಾಳೆ. ವೈದ್ಯರು ನಾಡಿ ಹಿಡಿದು ನೋಡಿದರು, ಕಾಯಿಲೆಯೇ ಇಲ್ಲ ಎಂದರು. ನಾನು ಅವಳನ್ನು ಹೇಗೆ ಸಾಕಿದ್ದೇನೆ ನಿಮಗೇ ಗೊತ್ತು. ಬಾವಿಯ ಹತ್ತಿರ ಬಿಡುವುದಿಲ್ಲ. ಹಾವಿನ ಭಯ ಎಂದು ಹಿತ್ತಿಲ ಪೊದೆಯನ್ನೆಲ್ಲ ಕಡಿಸಿದೆ. ಬೀದಿಯ ನಾಯಿಯೊಂದೂ ನಮ್ಮ ಮನೆಯ ಕಡೆ ಸುಳಿಯುವುದಿಲ್ಲ. ಎಂಥ ಮಗು ಅದು, ಗುರುಗಳೇ! ಬೀದಿಯ ತುದಿಯಲ್ಲಿ ನನ್ನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಮನೆ ಪಿಟಿಕ್ಕೆನ್ನುವುದಿಲ್ಲ. ಅಷ್ಟು ಅಚ್ಚುಕಟ್ಟು. ಅಂಥ ಮಗುವಿಗೆ ಕೇಡು ಬಂದದ್ದು ಯಾವ ಕಡೆಯಿಂದ? ಅದನ್ನು ಹೇಳಿಬಿಡಿ, ಇವತ್ತೇ ಗೋಡೆ ಕಟ್ಟಿಸುತ್ತೇನೆ!"

ಗುರುಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮೊದಲು ಕೂತುಕೋ. ಮಂಡಿಯಲ್ಲಿ ಬೆಲ್ಲದ ಹರಾಜು ಕೂಗುವ ಗಂಟಲನ್ನು ಇಲ್ಲಿಗೂ ಹೊತ್ತು ತಂದಿದ್ದೀಯ. ನನಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಒಂದು ಮೊಲದ ಕತೆ ಹೇಳುತ್ತೇನೆ, ಕೇಳು."

"ಮೊಲವೇ? ಮಗಳು ಅಲ್ಲಿ..."

"ಮೊಲವೇ," ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಕಂಚುಗಾರರ ಬೀದಿ ಇತ್ತು. ಹೊತ್ತು ಹುಟ್ಟಿದರೆ ಸುತ್ತಿಗೆ ಏಳುತ್ತಿತ್ತು, ಹೊತ್ತು ಮುಳುಗಿದರೆ ಇಳಿಯುತ್ತಿತ್ತು. ಆ ಬೀದಿಯವರೆಲ್ಲರ ಕಿವಿಯೂ ಮಂದ. ಎಲ್ಲರದೂ ಮಂದವಾದ್ದರಿಂದ ಅದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಇಬ್ಬರು ಗುಟ್ಟು ಮಾತಾಡಿಕೊಂಡರೆ ಪಕ್ಕದ ಬೀದಿಯವರು ಹಾಯಾಗಿ ಕೇಳಿಸಿಕೊಳ್ಳುತ್ತಿದ್ದರು. ಅವರಲ್ಲಿ ಒಂದು ಪದ್ಧತಿಯೂ ಇತ್ತು. ಸಂತೋಷವಾದರೆ ಬಡಿಯುವುದು. ಮಗು ಹುಟ್ಟಿದರೆ ಹಂಡೆ ಬಡಿಯುತ್ತಿದ್ದರು. ಮದುವೆ ಗೊತ್ತಾದರೆ ತಟ್ಟೆ ಬಡಿಯುತ್ತಿದ್ದರು. ಬಡಿಯದ ಸಂತೋಷ ಅವರಿಗೆ ಸಂತೋಷವೇ ಅಲ್ಲ.

ಆ ಬೀದಿಯ ಒಬ್ಬ ಕಂಚುಗಾರ ಸಂತೆಯಿಂದ ಒಂದು ಬಿಳಿ ಮೊಲ ತಂದ. ಆಳು ಬಲು ದೊಡ್ಡವನು, ಮನಸ್ಸು ಬೆಣ್ಣೆ. ಹೊಸದಾಗಿ ಕಲಾಯಿ ಹಾಕಿದ ಪಾತ್ರೆಯ ಹಾಗಿದೆ ಎಂದು ಮೊಲಕ್ಕೆ ಕಲಾಯಿ ಎಂದೇ ಹೆಸರಿಟ್ಟ. ಬಾಯಿ ಒಡೆದ ಒಂದು ದೊಡ್ಡ ಮಣ್ಣಿನ ಗುಡಾಣವನ್ನು ಅಂಗಳದ ಬೇವಿನ ಮರದ ಕೆಳಗೆ ಅಡ್ಡ ಮಲಗಿಸಿ, ಒಳಗೆ ಹುಲ್ಲು ಹಾಸಿ ಮನೆ ಮಾಡಿಕೊಟ್ಟ. ಬೆಳಗಾದರೆ ಕೆರೆಯ ಏರಿಗೆ ಹೋಗಿ ಗರಿಕೆ ಕಿತ್ತು ತರುವನು. ಕೈತೋಟದ ಮೂಲಂಗಿ ಸೊಪ್ಪು ಮನೆಯವರಿಗಿಲ್ಲ, ಎಲ್ಲ ಕಲಾಯಿಗೆ. ಇಷ್ಟು ಚಿಕ್ಕದೊಂದನ್ನು ಅವನು ಹಿಂದೆಂದೂ ಪ್ರೀತಿಸಿರಲಿಲ್ಲ. ಆ ಪ್ರೀತಿಯಲ್ಲಿ ಅವನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ.

ಅವನು ಸುತ್ತಿಗೆ ಎತ್ತಿದನೋ, ಮೊಲ ಗುಡಾಣದೊಳಗೆ. ಸುತ್ತಿಗೆ ನಿಂತು ಸ್ವಲ್ಪ ಹೊತ್ತಾದ ಮೇಲೆ ಒಂದು ಮೂಗು ಹೊರಗೆ. "ಬಂತು! ಬಂತು ನನ್ನ ಕಲಾಯಿ!" ಎಂದು ಅವನು ಚಪ್ಪಾಳೆ ತಟ್ಟಿದರೆ ಮತ್ತೆ ಒಳಗೆ. ಕಂಚುಗಾರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ನೋಡ್ರೋ, ನನ್ನ ಜೊತೆ ಕಣ್ಣಾಮುಚ್ಚಾಲೆ ಆಡ್ತದೆ!" ಎಂದು ಬೀದಿಯವರನ್ನೆಲ್ಲ ಕರೆದು ತೋರಿಸುತ್ತಿದ್ದ. ಬಂದವರೂ ಚಪ್ಪಾಳೆ ತಟ್ಟುತ್ತಿದ್ದರು.

ಅವನ ಹೆಂಡತಿ ಬೇರೆ ಊರಿನಿಂದ ಬಂದವಳು. ಅವಳ ಕಿವಿ ಇನ್ನೂ ಕೆಟ್ಟಿರಲಿಲ್ಲ. ಅವಳು ಒಮ್ಮೆ ಹೇಳಿದಳು, "ನೀವು ಸಂತೆಗೆ ಹೋದ ದಿನ ಇದು ಅಂಗಳದ ತುಂಬ ಕುಣೀತದೆ ಕಣ್ರೀ."

"ಪಾಪ, ನನ್ನನ್ನ ಹುಡುಕ್ತಿರ್ತದೆ!" ಎಂದು ಕಂಚುಗಾರ ಕಣ್ಣೊರೆಸಿಕೊಂಡ.

ಇಲ್ಲಿಗೆ ಬಂದಾಗ ಹಾಲಪ್ಪನಿಗೆ ತಡೆಯಲಾಗದೆ ನಗು ಬಂತು. ಮಗಳ ಚಿಂತೆಯ ನಡುವೆಯೂ ಗೊಳ್ಳೆಂದು ನಕ್ಕುಬಿಟ್ಟ. ಗುರುಗಳು ನಗಲಿಲ್ಲ. ಅವನ ನಗು ಮುಗಿಯುವವರೆಗೆ ಕಾದು ಮುಂದುವರಿಸಿದರು.

ಹೀಗಿರುವಾಗ ಒಂದು ದಿನ ಬೀದಿಯ ನಾಯಿಯೊಂದು ಅಂಗಳಕ್ಕೆ ನುಗ್ಗಿತು. ಮೊಲ ಗುಡಾಣದಲ್ಲಿತ್ತು, ಏನೂ ಆಗಲಿಲ್ಲ. ಆದರೆ ಕಂಚುಗಾರನ ಜೀವ ಬಾಯಿಗೆ ಬಂತು. ಅಂದೇ ಕೆಲಸ ಬಿಟ್ಟು ಅಂಗಳದ ಸುತ್ತ ಬಿದಿರಿನ ತಟ್ಟಿ ಕಟ್ಟಿದ. ಕಟ್ಟಿ ಮುಗಿಸಿ ಕೂತವನಿಗೆ ಮುಂಗುಸಿಯ ನೆನಪಾಯಿತು. ಎದ್ದು ತಟ್ಟಿಯ ಬುಡಕ್ಕೆಲ್ಲ ಕಲ್ಲು ಜಡಿದ. ಕಣಗಿಲೆಯ ಎಲೆ ತಿಂದರೆ ದನವೇ ಸಾಯುತ್ತದೆ ಎಂದು ಯಾರೋ ಅಂದರು. ಹೂ ಬಿಟ್ಟು ನಿಂತಿದ್ದ ಕಣಗಿಲೆಯನ್ನು ಬೇರುಸಹಿತ ಕಿತ್ತೆಸೆದ. ಹೆಂಡತಿ ಪೂಜೆಗೆ ಹೂವಿಲ್ಲವೆಂದು ಗೊಣಗಿದ್ದು ಅವನಿಗೆ ಕೇಳಿಸಲಿಲ್ಲ. ಎಲ್ಲ ಆಯಿತು ಎಂದು ಮೇಲೆ ನೋಡಿದ. ಆಕಾಶ ಹಾಗೆಯೇ ತೆರೆದಿತ್ತು. ಆಕಾಶದಲ್ಲಿ ಒಂದು ಹದ್ದು ಸುತ್ತುತ್ತಿತ್ತು.

ಹದ್ದಿಗೆ ಬೇಲಿ ಕಟ್ಟುವುದು ಹೇಗೆ? ನಿನ್ನಂಥವನು ಅಂಗಳಕ್ಕೆಲ್ಲ ಮಾಡು ಹೊದಿಸುತ್ತಿದ್ದ, ಹಾಲಪ್ಪ. ಬೇಡರವನು ಬಿಲ್ಲು ತರುತ್ತಿದ್ದ, ಬೆಸ್ತರವನು ಬಲೆ ಹಾಸುತ್ತಿದ್ದ. ಇವನು ಕಂಚುಗಾರ. ಇವನಿಗೆ ಹೊಳೆದದ್ದು ಒಂದೇ. ಜಾಗಟೆ! ಯಾವ ಗುಡಿಯಲ್ಲೂ ಇಲ್ಲದಂಥ ಜಾಗಟೆ! ಒಂದು ಪೆಟ್ಟಿಗೆ ಹದ್ದು ದಿಕ್ಕೆಟ್ಟು ಓಡಬೇಕು!

ಬೀದಿಗೆ ಬೀದಿಯೇ ಎದ್ದು ಬಂತು. ಒಬ್ಬ ತಾಮ್ರ ತಂದ, ಒಬ್ಬ ತವರ ತಂದ. ತಿದಿ ಒತ್ತಲು ನಾನು ಮುಂದು, ತಾನು ಮುಂದು ಎಂದು ಜಗಳವಾಡಿದರು. ಕಾಸಿದರು, ಬಡಿದರು, ಮತ್ತೆ ಕಾಸಿದರು. ಜಾಗಟೆ ಸಿದ್ಧವಾಗಿ ಮೊದಲ ಪೆಟ್ಟು ಬಿದ್ದಾಗ ಕೆರೆಯ ಆಚೆ ದಡದ ಕೊಕ್ಕರೆಗಳು ಎದ್ದು ಹಾರಿದವು. ಕಂಚುಗಾರ ಕುಣಿದಾಡಿದ. ಬಂದವರೆಲ್ಲ ಸಂತೋಷಕ್ಕೆ ಒಂದೊಂದು ಪೆಟ್ಟು ಹೊಡೆದು ಹೋದರು.

ಆ ಜಾಗಟೆಯನ್ನು ಅವನು ಎಲ್ಲಿ ಕಟ್ಟಿದ ಗೊತ್ತೇ? ಬೇವಿನ ಕೊಂಬೆಗೆ, ಗುಡಾಣದ ನೆತ್ತಿಯ ಮೇಲೆ. ಕಾವಲು ಹತ್ತಿರವಿರಲಿ ಎಂದು. ಮರುದಿನ ಸಂಜೆಯಾದರೂ ಮೊಲ ಹೊರಗೆ ಬರಲಿಲ್ಲ. ತನಗಾಗಿ ಇಷ್ಟೆಲ್ಲ ಮಾಡಿದರಲ್ಲ ಎಂದು ನಾಚಿಕೊಂಡಿದೆ ಎಂದ ಕಂಚುಗಾರ.

ಅಮಾವಾಸ್ಯೆ ಬಂತು. ಅಮಾವಾಸ್ಯೆಯ ದಿನ ಆ ಬೀದಿಯಲ್ಲಿ ಯಾರೂ ಸುತ್ತಿಗೆ ಮುಟ್ಟುವುದಿಲ್ಲ. ಒಲೆಗೆ, ಲೋಹ ಬಡಿಯುವ ಅಡಿಗಲ್ಲಿಗೆ ಪೂಜೆ ಮಾಡಿ ಎಲ್ಲರೂ ಮನೆಯಲ್ಲೇ ಇರುತ್ತಾರೆ. ಬೀದಿ ಸುಮ್ಮನಿತ್ತು. ಕಲಾಯಿ ಮೊದಲು ಮೂಗು ಹೊರಗೆ ಹಾಕಿತು. ಆಮೇಲೆ ಕಿವಿ. ಆಮೇಲೆ ಒಂದು ನೆಗೆತ, ಇನ್ನೊಂದು ನೆಗೆತ. ಅಂಗಳದ ನಡುವೆ ಬಂದು ಬಿಸಿಲಿನಲ್ಲಿ ಕೂತು ಮುಖ ಒರೆಸಿಕೊಳ್ಳತೊಡಗಿತು. ಪಕ್ಕದ ಮನೆಯ ಮಾಳಿಗೆಯ ಮೇಲೆ ಒಬ್ಬಳು ಹಪ್ಪಳ ಒಣಗಿಸುತ್ತಿದ್ದಳು. ಹಪ್ಪಳದ ಮೇಲೆ ಒಂದು ನೆರಳು ಹಾದುಹೋಯಿತು. ಅವಳು ತಲೆ ಎತ್ತಿದಳು.

"ಹದ್ದು! ಹದ್ದು ಬಂತು!"

ಗುರುಗಳು ಹೇಳುತ್ತಾ ಹೇಳುತ್ತಾ ಎದ್ದು ನಿಂತುಬಿಟ್ಟಿದ್ದರು. ಹೊದ್ದ ಶಾಲು ಜಾರಿ ಬಿದ್ದದ್ದು ಅವರಿಗೆ ಗೊತ್ತಾಗಲಿಲ್ಲ. ಹಾಲಪ್ಪನೂ ಎದ್ದು ನಿಂತ.

ಕಂಚುಗಾರ ಉಣ್ಣುತ್ತಿದ್ದ. ಎಲೆ ದಾಟಿ ಓಡಿದ, ಎಂಜಲು ಕೈಯಲ್ಲೇ ಜಾಗಟೆಯ ಕೊಡತಿ ಎತ್ತಿದ. ಡಣ್! ಹದ್ದು ರೆಕ್ಕೆ ಮಡಿಚಿ ಕಲ್ಲಿನಂತೆ ಇಳಿಯುತ್ತಿತ್ತು. ಡಣ್! ಎದುರು ಮನೆಯವನು ಹಂಡೆ ತಂದ. ಪಕ್ಕದವನು ತಟ್ಟೆ ತಂದ. ಮುದುಕಿಯರು ಮುಚ್ಚಳಕ್ಕೆ ಮುಚ್ಚಳ ಬಡಿಯುತ್ತ ಓಡಿಬಂದರು. ಬಡೀರೋ! ಬಡೀರೋ! ಹದ್ದಿನ ಉಗುರು ಮೊಲದ ಬೆನ್ನಿಗೆ ಗೇಣು ದೂರ. ಡಣ್! ಹದ್ದು ಬೆಚ್ಚಿ ಓಲಾಡಿತು. ರೆಕ್ಕೆ ಬಿಚ್ಚಿ ಮೇಲೆದ್ದಿತು. ಹೋಯಿತೆಂದುಕೊಂಡರೆ ತಿರುಗಿ ಬಂತು! ಮೊಲ ಗುಡಾಣದ ಕಡೆ ಓಡಿತು, ಅಲ್ಲಿ ಜಾಗಟೆ. ತಟ್ಟಿಯ ಕಡೆ ಓಡಿತು, ಅಲ್ಲಿ ಹಂಡೆ. ನಡುವೆ ನಿಂತುಬಿಟ್ಟಿತು. ಹೆಂಡತಿ ಓಡಿಹೋಗಿ ಅದನ್ನು ಬಾಚಿ ಸೆರಗಿನಲ್ಲಿ ಮುಚ್ಚಿಕೊಂಡಳು.

"ಸಿಕ್ಕಿತೇ?" ಎಂದು ಹಾಲಪ್ಪ ಒಂದು ಹೆಜ್ಜೆ ಮುಂದೆ ಬಂದು ಕೇಳಿದ. "ಹದ್ದಿಗೆ ಸಿಕ್ಕಿತೇ?"

ಇಲ್ಲ. ಹದ್ದು ಬರಿಗಾಲಲ್ಲಿ ಹೋಯಿತು. ಕೆರೆ ದಾಟಿತು, ಗುಡ್ಡ ದಾಟಿತು, ಚುಕ್ಕೆಯಾಯಿತು, ಕಾಣದಾಯಿತು.

"ಅಬ್ಬಾ!" ಎಂದು ಹಾಲಪ್ಪ ತೊಡೆ ತಟ್ಟಿದ.

ಆ ಬೀದಿಯವರೂ ಹಾಗೆಯೇ ಅಂದರು. ಅಬ್ಬಾ! ಗೆದ್ದೆವು! ಒಬ್ಬರನ್ನೊಬ್ಬರು ತಬ್ಬಿಕೊಂಡರು. ಕಂಚುಗಾರನ ಕಣ್ಣಲ್ಲಿ ನೀರು ಧಾರೆಯಾಗಿ ಸುರಿಯುತ್ತಿತ್ತು. ಹೆಂಡತಿ ಒಂದು ಕೈ ಎತ್ತಿ ಬೇಡ ಬೇಡ ಎಂದು ಏನೋ ಹೇಳುತ್ತಿದ್ದಳು. ಅವನು ನೋಡಲಿಲ್ಲ. ಸಂತೋಷವಾದರೆ ಬಡಿಯಬೇಕಲ್ಲ? ಮೈಯಲ್ಲಿದ್ದ ಬಲವನ್ನೆಲ್ಲ ಕೂಡಿಸಿ ಇನ್ನೊಂದು ಪೆಟ್ಟು ಹೊಡೆದ. ಅಂಥ ಪೆಟ್ಟನ್ನು ಅವನು ಜೀವಮಾನದಲ್ಲಿ ಹೊಡೆದಿರಲಿಲ್ಲ.

ಆಮೇಲೆ ಕೊಡತಿ ಎಸೆದು ಓಡಿಬಂದ. "ಕೊಡು, ನನ್ನ ಕಲಾಯಿನ ಕೊಡು!" ಎಂದು ಕೈ ಚಾಚಿದ.

ಹೆಂಡತಿ ಸೆರಗು ತೆರೆದಳು. ಮೊಲ ಬೆಚ್ಚಗೆ ಇತ್ತು. ಕತ್ತು ಮಾತ್ರ ವಾಲಿತ್ತು.

ಅವನು ಬೆನ್ನು ತಡವಿದ, ಹೊಟ್ಟೆ ತಡವಿದ, ಕಿವಿಯನ್ನು ಬಿಡಿಸಿ ನೋಡಿದ. ಒಂದು ಗೀರೂ ಇರಲಿಲ್ಲ. ಒಂದು ಹನಿ ರಕ್ತವೂ ಇರಲಿಲ್ಲ. "ಹದ್ದು ಎಲ್ಲಿ ಮುಟ್ಟಿತು? ಎಲ್ಲಿ?" ಎಂದು ಕೂಗಿದ.

"ಹದ್ದು ಮುಟ್ಟಲಿಲ್ಲ," ಎಂದಳು ಹೆಂಡತಿ. "ನಾನು ಎತ್ತಿಕೊಂಡಾಗ ಇದರ ಎದೆ ಹೊಡ್ಕೊಳ್ತಿತ್ತು. ಹದ್ದು ಹೋದ ಮೇಲೂ ಹೊಡ್ಕೊಳ್ತಿತ್ತು. ನೀವು ಇನ್ನೊಂದು ಬಡಿದ್ರಿ. ನಿಂತುಹೋಯ್ತು."

ಅವನು ಕಿವಿಯ ಹಿಂದೆ ಅಂಗೈ ಇಟ್ಟು, "ಏನಂದೆ?" ಎಂದ. ಅವಳು ದನಿ ಏರಿಸಲಿಲ್ಲ. ಅದೇ ಮಾತನ್ನು ಅಷ್ಟೇ ಮೆಲ್ಲಗೆ ಇನ್ನೊಮ್ಮೆ ಹೇಳಿದಳು. ಈ ಸಲ ಅವನಿಗೆ ಕೇಳಿಸಿತು.

ಬೀದಿಯವರು ಇನ್ನೂ ಬಡಿಯುತ್ತಲೇ ಇದ್ದರು. ಅವರಿಗೆ ಯಾರೂ ಹೇಳಿರಲಿಲ್ಲ. "ನಿಲ್ಲಿಸ್ರೋ! ನಿಲ್ಲಿಸ್ರಪ್ಪಾ!" ಎಂದು ಕಂಚುಗಾರ ಮೊಲವನ್ನು ಎದೆಗವಚಿಕೊಂಡು ಕಿರುಚಿದ. ಆ ಸದ್ದಿನಲ್ಲಿ ಅವನ ಕೂಗು ಯಾರಿಗೂ ಕೇಳಿಸಲಿಲ್ಲ.

ಗುರುಗಳು ಕತೆ ಮುಗಿಸಿ ಕೂತರು. ಬಿದ್ದಿದ್ದ ಶಾಲನ್ನು ಎತ್ತಿ ಹೊದ್ದುಕೊಂಡರು.

ಹಾಲಪ್ಪ ಕೂರಲಿಲ್ಲ. ಅವನ ಮುಖ ಕೆಂಪಾಗಿತ್ತು. ಮೊಲದ ಮೇಲೆ ಮರುಕ, ಕಂಚುಗಾರನ ಮೇಲೆ ಸಿಟ್ಟು, ಎರಡೂ ಒಟ್ಟಿಗೇ ಉಕ್ಕಿದ್ದವು. "ಎಂಥ ದಡ್ಡ, ಗುರುಗಳೇ! ಎಂಥ ದಡ್ಡ! ದಿನವೂ ಕಣ್ಣೆದುರಿಗೇ ಬಚ್ಚಿಟ್ಟುಕೊಳ್ಳುತ್ತಿತ್ತಲ್ಲ! ನಾಯಿ ನೋಡಿದ, ಮುಂಗುಸಿ ನೋಡಿದ, ಹದ್ದು ನೋಡಿದ. ತನ್ನ ಮೊಲ ಯಾರ ಸದ್ದಿಗೆ ಅಡಗಿಕೊಳ್ಳುತ್ತದೆ ಎಂದು ಆ ಮನುಷ್ಯ ಒಮ್ಮೆಯಾದರೂ ನೋಡಬಾರದಿತ್ತೇ?" ಎಂದು ಜಗಲಿಯ ಕಂಬಕ್ಕೆ ಗುದ್ದಿದ. ಕಂಬದ ಮೇಲಿದ್ದ ಅಳಿಲೊಂದು ಚಂಗನೆ ಹಾರಿ ಸೂರಿನಲ್ಲಿ ಮರೆಯಾಯಿತು.

ಗುರುಗಳು ಅಳಿಲು ಹೋದ ಕಡೆ ನೋಡಿದರು. ಹಾಲಪ್ಪ ಮೆಟ್ಟಿಲ ಕೆಳಗೆ ಬಿಟ್ಟಿದ್ದ ಚಪ್ಪಲಿಯ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಬೀದಿಯ ತುದಿಯಲ್ಲಿ ನಿನ್ನ ಚಪ್ಪಲಿಯ ಸದ್ದು ಕೇಳಿದಾಗ ನಿನ್ನ ಮಗಳು ಎಲ್ಲಿಗೆ ಹೋಗುತ್ತಾಳೆ, ಹಾಲಪ್ಪ?"