ತಂಡಿಗೆ ದನಿ ಹೋದ ಕಾರು

ಕೌದಿಯೊಳಗ ಕಾಲು ಎಳಕೊಂಡು ಕೂಡ್ರಿ. ಕಥಿ ಹೇಳ್ತೀನಿ, ನೀವು ಹ್ಞೂಂ ಅನ್ರಿ. ಹ್ಞೂಂ ಅನ್ನದಿದ್ರ ಕಥಿ ಅಲ್ಲೇ ನಿಲ್ತದ, ನೋಡ್ರಿ ಮತ್ತ!

ಬೀದರ ಕಡೆ ಒಂದೂರು. ಮಾಗಿ ತಂಡಿ. ಹಲ್ಲು ಕಟಕಟ, ಮೈ ಗಡಗಡ. ಆ ಊರಾಗ ಮಾದೇವಿ ಅಂತ ಸಣ್ಣ ಹುಡುಗಿ. ಅವಳ ಅವ್ವ ಹಡಿಲಿಕ್ಕೆ ಪ್ಯಾಟಿ ದವಾಖಾನಿಗೆ ಹೋಗಿ ಎಂಟು ದಿನ ಆಗಿತ್ತು. ಮಾದೇವಿ ದಿನಾ ಅವ್ವನ ಶಾಲು ಅಪ್ಪಿಕೊಂಡು ಮಲಗತಿದ್ದಳು. ಶಾಲಿನಾಗ ಅವ್ವನ ವಾಸನಿ ಇತ್ತು. ಅವ್ವ ಇರಲಿಲ್ಲ.

ಇವತ್ತು ಅವ್ವನ್ನ ಕರಕೊಂಡು ಬರೋ ದಿನ. ಮುಂಜಾನೆ ಅವಳ ಅಜ್ಜ, ಮುತ್ಯಾ, ಡೀಸೆಲ್ ಕಾರಿನ ಚಾವಿ ತಿರುವಿದ.

ಕಿರ್... ಕಿರ್... ಕೊಯ್ಯ್. ಕಾರಿನ ದನಿ ಮಾಯ!

ಮುತ್ಯಾ ಬಾನೆಟ್ಟಿಗೆ ಊದಿನಕಡ್ಡಿ ಬೆಳಗಿದ. ಮುತ್ಯಾಗೇ ಕೆಮ್ಮು ಬಂತು.

ಮಾದೇವಿ ಕೇಳಿದಳು: "ಕಾರಪ್ಪಾ, ಯಾಕ ಹೊಂಡವಲ್ಲಿ? ನನಗ ಅವ್ವ ಬೇಕು."

ಕಾರು ಅಂತು: "ನನ್ನ ಹೊಟ್ಟಿ ತಣ್ಣಗದ. ಹೀಟರ್ ಪ್ಲಗ್ ಕಾಯವಲ್ದು. ಅದಕ್ಕ ಕೇಳು, ಹೋಗು."

"ಪ್ಲಗ್ಗಣ್ಣಾ, ಯಾಕ ಕಾಯವಲ್ಲಿ? ಕಾರು ಹೊಂಡವಲ್ದು. ನನಗ ಅವ್ವ ಬೇಕು."

ಪ್ಲಗ್ ಅಂತು: "ಬ್ಯಾಟರಿ ಕರೆಂಟ್ ಕೊಡವಲ್ದು. ಅದಕ್ಕ ಕೇಳು, ಹೋಗು."

"ಬ್ಯಾಟರಿಯಕ್ಕಾ, ಯಾಕ ಕರೆಂಟ್ ಕೊಡವಲ್ಲಿ? ಪ್ಲಗ್ ಕಾಯವಲ್ದು, ಕಾರು ಹೊಂಡವಲ್ದು. ನನಗ ಅವ್ವ ಬೇಕು."

ಬ್ಯಾಟರಿ ಅಂತು: "ನನ್ನ ತಲಿ ತುಂಬ ಬೆಳ್ಳನ ಜಂಗು, ತುಕ್ಕು ಹಿಡಿದದ. ಬಿಸಿನೀರು ಬಂದು ತೊಳೀಬೇಕು. ನೀರಿಗೆ ಕೇಳು, ಹೋಗು."

"ಹಂಡೇದಾಗಿನ ನೀರವ್ವಾ, ಯಾಕ ಬಿಸಿ ಆಗವಲ್ಲಿ? ಬ್ಯಾಟರಿ ಕರೆಂಟ್ ಕೊಡವಲ್ದು, ಪ್ಲಗ್ ಕಾಯವಲ್ದು, ಕಾರು ಹೊಂಡವಲ್ದು. ನನಗ ಅವ್ವ ಬೇಕು."

ನೀರು ಅಂತು: "ಒಲಿ ಉರಿಯವಲ್ದು. ಅದಕ್ಕ ಕೇಳು, ಹೋಗು."

"ಒಲಿಯವ್ವಾ, ಯಾಕ ಉರಿಯವಲ್ಲಿ? ನೀರು ಬಿಸಿ ಆಗವಲ್ದು, ಬ್ಯಾಟರಿ ಕರೆಂಟ್ ಕೊಡವಲ್ದು, ಪ್ಲಗ್ ಕಾಯವಲ್ದು, ಕಾರು ಹೊಂಡವಲ್ದು. ನನಗ ಅವ್ವ ಬೇಕು."

ಒಲಿ ಸಿಟ್ಟಿಗೆದ್ದಿತು: "ಖಾಲಿ ಹೊಟ್ಟೀಲೆ ಉರೀಲೇನು? ಒಣಾ ಸಗಣಿ ಕುಳ್ಳೆಲ್ಲ ಕೋಳಿ ಬುಡಕ ಅದಾವ. ಕೋಳಿ ಏಳವಲ್ದು. ಅದಕ್ಕ ಕೇಳು, ಹೋಗು."

"ಕೋಳೆವ್ವಾ, ಯಾಕ ಏಳವಲ್ಲಿ? ಒಲಿ ಉರಿಯವಲ್ದು, ನೀರು ಬಿಸಿ ಆಗವಲ್ದು, ಬ್ಯಾಟರಿ ಕರೆಂಟ್ ಕೊಡವಲ್ದು, ಪ್ಲಗ್ ಕಾಯವಲ್ದು, ಕಾರು ಹೊಂಡವಲ್ದು. ನನಗ ಅವ್ವ ಬೇಕು."

"ಕೊಕ್ಕೊಕ್! ನಾ ಎದ್ರ ನನ್ನ ತತ್ತಿಗೆ ತಂಡಿ ಹತ್ತತದ. ಅವಕ್ಕೂ ಅವ್ವ ಬೇಕು" ಅಂತು ಕೋಳಿ.

ಅಯ್ಯ ಶಿವನೇ! ಅಳು ಬಂತು ಮಾದೇವಿಗೆ. ಅವ್ವನ ಶಾಲು ಮೂಗಿಗೆ ಒತ್ತಿಕೊಂಡಳು. ಒಂದ್ಸಲ ಉಸಿರು ಎಳಕೊಂಡಳು. ಇನ್ನೊಂದ್ಸಲ ಎಳಕೊಂಡಳು. ಆಮ್ಯಾಲ ಶಾಲು ತಗದು ಒಂದು ಬುಟ್ಟಿಯಾಗ ಹಾಸಿದಳು.

"ತಗೋ ಕೋಳೆವ್ವಾ. ಇದು ನಮ್ಮವ್ವಂದು. ಭಾಳ ಬೆಚ್ಚಗದ."

ಕೋಳಿ ಬುಡಕ ಕೈ ಹಾಕಿ ಒಂದೊಂದೇ ತತ್ತಿ ತಗದು ಶಾಲಿನಾಗ ಇಟ್ಟಳು. ಕೋಳಿ ಎದ್ದಿತು, ಶಾಲಿನ ಮ್ಯಾಲ ಕುಂತಿತು. ಕುಳ್ಳು ಬಂದ್ವು, ಒಲಿ ಧಗಧಗ ಉರೀತು. ಒಲಿ ಉರೀತು, ನೀರು ಕೊತಕೊತ ಕಾದಿತು. ಮುತ್ಯಾ ವೈರು ಬಿಚ್ಚಿದ, ಬಿಸಿನೀರು ಹನಿಸಿದ, ಜಂಗು ತಿಕ್ಕಿದ, ಒರಸಿ ವೈರು ಬಿಗಿದ. ಬ್ಯಾಟರಿ ಕರೆಂಟ್ ಕೊಟ್ಟಿತು. ಮುತ್ಯಾ ಚಾವಿ ಅರ್ಧ ತಿರುವಿದ, ಕಾರಿನಾಗ ಸಣ್ಣ ಹಳದಿ ದೀಪ ಹತ್ತಿತು.

ಮುತ್ಯಾ ಗಡಬಡಿಸಿ ಚಾವಿ ಪೂರಾ ತಿರುವಲಿಕ್ಕೆ ಹೋದ.

"ತಡಿ ಮುತ್ಯಾ, ತಡಿ!" ಪ್ಲಗ್ ಕೂಗಿತು. "ದಿನಾ ಇದೇ ಅವಸರ ನಿಂದು! ನಾ ಕೆಂಪಗಾಗಬೇಕು. ದೀಪ ಆರೋತನಕ ತಡಿ."

ಮಾದೇವಿ ಅಂದಳು: "ಮುತ್ಯಾ, ನಾ ಎಂಟು ದಿನ ತಡದೀನಿ. ನೀ ಎಂಟು ಎಣಿಸಲ್ಲೇನು?"

ಎಣಿಸ್ರೋ ನೀವೂ! ಒಂದು, ಎರಡು, ಮೂರು, ನಾಕು, ಐದು, ಆರು, ಏಳು, ಎಂಟು!

ದೀಪ ಆರಿತು. ಪ್ಲಗ್ ಕಾದಿತು. ಕಾರು ಗುರ್ರ್ ಗುಡುಗುಡುಗುಡು! ಬಂತು ನೋಡ್ರಿ ಹೋದ ದನಿ!

ದವಾಖಾನಿ ಬಾಗಲಾಗ ಅವ್ವ ನಿಂತಿದ್ದಳು. ಒಂದು ಕೈಯಾಗ ಹಸುಗೂಸು. ಇನ್ನೊಂದು ಕೈ ಖಾಲಿ. ಆ ಕೈಯೊಳಗ ಮಾದೇವಿ ಓಡಿ ಹೊಕ್ಕಳು. "ಎಷ್ಟು ತಣ್ಣಗಾಗೀಯಲ್ಲ ನನ್ನವ್ವಾ" ಅಂತ ಅವ್ವ ಬಿಗಿಯಾಗಿ ಅಪ್ಪಿಕೊಂಡಳು. ಭಾಳ ಹೊತ್ತು ಬಿಡಲೇ ಇಲ್ಲ.

ಮತ್ತ ದನಿ ಹೋದೀತಂತ ಮುತ್ಯಾ ಕಾರು ಬಂದ್ ಮಾಡಲಿಲ್ಲ. ಹೊರಗ ಅದು ಗುಡುಗುಡು ಅಂತಾನೇ ಇತ್ತು.