ಕೊಕ್ಕು ಸಿಕ್ಕಿಬಿದ್ದ ಗೀಜಗ

ಒಂದು ಕೆರೆ. ಕೆರೆಯ ಮೇಲೆ ಬಾಗಿದ ಜಾಲಿಮರ. ಮರದ ತುಂಬ ಗೀಜಗನ ಗೂಡುಗಳು, ಸೋರೆಬುರುಡೆ ತೂಗುಹಾಕಿದ ಹಾಗೆ. ಗೀಜಗಗಳಲ್ಲಿ ಗೂಡು ನೇಯುವುದು ಗಂಡಿನ ಕೆಲಸ, ಮಕ್ಕಳೇ. ಹೆಣ್ಣು ಬಂದು ಎಳೆದು ನೋಡಿ ಮೂಗು ಮುರಿದರೆ ಮುಗಿಯಿತು, ಮತ್ತೆ ಮೊದಲಿನಿಂದ ಹೆಣೆಯಬೇಕು.

ಆ ಮರದಲ್ಲಿ ಹೊನ್ನಪ್ಪನೆಂಬ ಗೀಜಗನಿದ್ದ. ನೇಯ್ಗೆಯಲ್ಲಿ ಅವನನ್ನು ಮೀರಿಸುವವರಿಲ್ಲ. ಮಾತಿನಲ್ಲಿ ಮೊದಲೇ ಇಲ್ಲ. ಅವನ ಮಗ ಚಿಗುರ, ಮರಿಯಾಗಿದ್ದಾಗ ಅಪ್ಪನ ರೆಕ್ಕೆ ಬಿಟ್ಟು ಕದಲುತ್ತಿರಲಿಲ್ಲ. ಈಗ ಪ್ರಾಯಕ್ಕೆ ಬಂದು ನೆತ್ತಿಯ ಮೇಲೆ ಹಳದಿ ಇಣುಕುತ್ತಿತ್ತು. ತುದಿಕೊಂಬೆಯಲ್ಲಿ ತನ್ನ ಮೊದಲ ಗೂಡು ಶುರುಮಾಡಿದ್ದ.

"ಅಪ್ಪಾ, ಇವತ್ತು ಗದ್ದೇಲಿ ಏನಾಯ್ತು ಅಂದ್ರೆ..."

"ಅದಿರಲಿ, ಇದೇನಿದು? ಗಂಟೋ, ಗೋಜಲೋ?"

"ಅಲ್ಲಪ್ಪಾ, ಗದ್ದೇಲಿ..."

"ಎಲೆಯನ್ನ ಉದ್ದಕ್ಕೆ ಸೀಳಬೇಕು ಕಣೋ! ಎಷ್ಟು ಸಲ ಬಡ್ಕೊಳ್ಳೋದು?"

ಬರಬರುತ್ತ ಚಿಗುರನ ಮಾತು 'ಹೂಂ', 'ಊಹೂಂ'ಗೆ ಬಂದು ನಿಂತಿತು. ಮಗ ದೂರವಾಗುತ್ತಿದ್ದಾನೆಂದು ಹೊನ್ನಪ್ಪನಿಗೆ ಸಂಕಟ. ಸಂಕಟವಾದಷ್ಟೂ ಬುದ್ಧಿ ಹೇಳುವುದು ಹೆಚ್ಚಾಯಿತು. ಮಗ ಹುಲ್ಲು ತರಲು ಹೋದಾಗ ಅವನ ಗಂಟು ಬಿಚ್ಚಿ ತಾನೇ ಹೊಸದಾಗಿ ಹಾಕತೊಡಗಿದ. ಒಂದು ದಿನ ಸಿಕ್ಕಿಯೂ ಬಿದ್ದ.

"ಇನ್ನೊಂದು ಸಲ ನನ್ನ ಗೂಡು ಮುಟ್ಟಿದ್ರೆ ಆಚೆದಡದ ಈಚಲಮರಕ್ಕೆ ಹೋಗ್ತೀನಿ. ಆಮೇಲೆ ಈ ಕಡೆ ತಲೆ ಹಾಕಲ್ಲ, ನೋಡು," ಎಂದ ಚಿಗುರ.

ಹೊನ್ನಪ್ಪ ಗಾಬರಿಯಿಂದ ಕೆಳಗೆ ಜೊಂಡಿನಲ್ಲಿದ್ದ ನೀರುಕೋಳಿ ಗಂಗಕ್ಕನ ಹತ್ತಿರ ಹೋಗಿ ಗೋಳು ತೋಡಿಕೊಂಡ.

"ಮಗ ನನ್ನ ಹತ್ರ ಮಾತೇ ಆಡಲ್ಲ ಗಂಗಕ್ಕ."

"ಅವನಿಗೆ ಮಾತಾಡೋಕೆ ಜಾಗ ಎಲ್ಲಿ ಬಿಟ್ಟಿದ್ದೀಯ ಅಣ್ಣ? ನಿನ್ನ ಕೊಕ್ಕು ಮುಚ್ಚಿದ್ದನ್ನ ನಾನಂತೂ ಕಂಡಿಲ್ಲ."

"ನಾನೆಲ್ಲಿ ಮಾತಾಡ್ತೀನಿ?" ಎಂದು ಶುರುಮಾಡಿದವನು ಬಿಸಿಲು ಏರಿದರೂ ನಿಲ್ಲಿಸಲಿಲ್ಲ. ಗಂಗಕ್ಕ ಬುಳಕ್ಕನೆ ನೀರಲ್ಲಿ ಮುಳುಗಿದಳು.

ಮರುದಿನ ಚಿಗುರ ಹುಲ್ಲಿಗೆ ಹೋದ. ಹೊನ್ನಪ್ಪ ಆ ಕಡೆ ನೋಡಲೇಬಾರದೆಂದು ಕಣ್ಣು ಮುಚ್ಚಿ ಕೂತ. ಒಂದು ಕಣ್ಣು ತಾನಾಗಿ ತೆರೆಯಿತು. "ಒಂದೇ ಒಂದು ಗಂಟು. ಯಾರಿಗೆ ಗೊತ್ತಾಗುತ್ತೆ?"

ಹಾರಿಹೋಗಿ ಕೊಕ್ಕು ತೂರಿಸಿ ಎಳೆದ. ಸಡಿಲ ಎಂದು ತಾನು ಹಂಗಿಸುತ್ತಿದ್ದ ಗಂಟು ಕೊಕ್ಕಿನ ಸುತ್ತ ಬಿಗಿಯಿತು. ಒದ್ದಾಡಿದಷ್ಟೂ ಇನ್ನಷ್ಟು ಬಿಗಿಯಿತು. ನೇಯ್ಗೆಯ ಜಾಣ ತಲೆಕೆಳಗಾಗಿ ಜೋತಾಡತೊಡಗಿದ.

"ಏನು ಹೊನ್ನಪ್ಪ, ಹೊಸ ನಮೂನೆಯ ನೇಯ್ಗೆಯೇನಯ್ಯಾ?" ಇಡೀ ಮರ ನಕ್ಕಿತು.

ಚಿಗುರ ಬಂದು ನೋಡಿದ. ಕೊಕ್ಕಿನಲ್ಲಿದ್ದ ಹುಲ್ಲು ಕೆಳಗೆ ಬಿತ್ತು. "ಮುಟ್ಟಬೇಡ ಅಂದಿದ್ನಲ್ಲಪ್ಪಾ! ಇವತ್ತೇ ಹೋಗ್ತೀನಿ ಈಚಲಮರಕ್ಕೆ!"

"ಮ್... ಮ್..." ಎಂದ ಅಪ್ಪ.

ಬೈಯುತ್ತಲೇ ಚಿಗುರ ಬಿಡಿಸಲು ಕೂತ. ಗಂಟು ಜಗ್ಗಲಿಲ್ಲ. ಬೈಗುಳವೆಲ್ಲ ತೀರಿತು, ಗಂಟು ಹಾಗೇ ಇತ್ತು. ಸುಮ್ಮನೆ ಇರಲಾರದೆ, "ಅವತ್ತು ಗದ್ದೇಲಿ ಬೆದರುಬೊಂಬೆ ನೋಡಿ ಹೆದರಿ ಕೆಸರಲ್ಲಿ ಬಿದ್ದೆ ಗೊತ್ತಾ?" ಎಂದ. ಅಪ್ಪನ ಹೊಟ್ಟೆ ನಗುವಿಗೆ ಕುಲುಕಿತು. ಮಗನಿಗೂ ನಗು ಬಂತು. ಆಮೇಲೆ ಮೆಲ್ಲಗೆ ಕೇಳಿದ: "ಅಪ್ಪಾ, ನನ್ನ ಗೂಡನ್ನ ಯಾರೂ ಒಪ್ಪದೇ ಹೋದ್ರೆ?"

ಹೊನ್ನಪ್ಪನ ನಾಲಗೆಯ ತುದಿಗೆ ರಾಶಿ ಬುದ್ಧಿಮಾತು ಬಂತು. ಗಂಟು ಬಿಡಲಿಲ್ಲ. ಅವನು ರೆಕ್ಕೆ ಚಾಚಿ ಮಗನ ಬೆನ್ನಿಗೆ ಒತ್ತಿದ.

ಅಷ್ಟರಲ್ಲಿ ಗಂಟು ಸಡಿಲಾಯಿತು. ಇನ್ನು ಉಪದೇಶದ ಮಳೆಯೇ ಎಂದು ಮರವೆಲ್ಲ ಕಾದಿತ್ತು. ಹೊನ್ನಪ್ಪ ಕೊಕ್ಕು ತೆರೆದ. ಮುಚ್ಚಿದ. ಕೊನೆಗೆ ಇಷ್ಟೇ ಕೇಳಿದ: "ಕೆಸರಲ್ಲಿ ಬಿದ್ಯಲ್ಲ, ಆಮೇಲೆ ಏನಾಯ್ತೋ?"

ಚಿಗುರ ಅಪ್ಪನನ್ನೇ ನೋಡಿದ. ಸರಿದು ಹತ್ತಿರ ಕೂತು ಹೇಳತೊಡಗಿದ. ಈಚಲಮರದ ಸುದ್ದಿ ಮತ್ತೆ ಬರಲಿಲ್ಲ.

ಸಂಜೆ ಕೆಳಗಿನಿಂದ ಗಂಗಕ್ಕ ಕೂಗಿದಳು: "ಹೊನ್ನಪ್ಪಣ್ಣ, ಸದ್ದೇ ಇಲ್ಲ! ಕೊಕ್ಕು ಇನ್ನೂ ಸಿಕ್ಕಿಕೊಂಡಿದೆಯಾ?"

"ಇಲ್ಲ ಗಂಗಕ್ಕ," ಎಂದ ಹೊನ್ನಪ್ಪ. "ಈಗ ನಾನೇ ಕಟ್ಟಿಕೊಂಡಿದ್ದೀನಿ."

ನೀತಿ: ಬೆಳೆದ ಮಗ ಹತ್ತಿರ ಉಳಿಯಬೇಕೆಂದರೆ ಅಪ್ಪ ಬಾಯಿಗಿಂತ ಕಿವಿಯನ್ನು ಹೆಚ್ಚು ತೆರೆಯಬೇಕು.