ಹೊಳೆ ಬಿಟ್ಟ ನೇಕಾರ

“ಗುರುಗಳೇ, ಯಾರೋ ಆಡಿದ ಒಂದು ತಪ್ಪು ಮಾತಿನಿಂದ ಮನುಷ್ಯನ ಬದುಕು ಹಾಳಾಗುತ್ತದೆಯೇ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ನಮ್ಮ ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೊಬ್ಬ ಕುಂಬಾರ ಗೆಳೆಯ. ಹುಡುಗರಾಗಿದ್ದಾಗಿನಿಂದ ಇಬ್ಬರೂ ನಸುಕಿನಲ್ಲಿ ಹೊಳೆ ಈಜಿ ಆಚೆ ದಡ ಸೇರುತ್ತಿದ್ದರು. ಅಲ್ಲಿ ಬಂಡೆಯ ಮೇಲೆ ಕೂತು ಹರಟೆ ಹೊಡೆದು, ಮತ್ತೆ ಈಜಿ ಬಂದು ಕೆಲಸಕ್ಕೆ ಹೋಗುತ್ತಿದ್ದರು. ತಲೆ ನರೆತ ಮೇಲೂ ಅದು ತಪ್ಪಲಿಲ್ಲ. ಅವರ ನಗು ಈಚೆ ದಡಕ್ಕೆ ಕೇಳಿಸುತ್ತಿತ್ತು. ಈಗಲೂ ಆ ಕಡೆ ಹೋದರೆ ನಾನು ಸುಮ್ಮನೆ ಒಂದು ಗಳಿಗೆ ನಿಲ್ಲುತ್ತೇನೆ.

ಒಂದು ಬೆಳಗ್ಗೆ ಶಾಲೆಯಲ್ಲಿ ಆರೋಗ್ಯ ಶಿಬಿರ ನಡೆಯಿತು. ನೇಕಾರನಿಗೆ ಯಾವ ನೋವೂ ಇರಲಿಲ್ಲ. ಎಲ್ಲರೂ ಮಾಡಿಸುತ್ತಿದ್ದಾರೆಂದು ಅವನೂ ಇಸಿಜಿ ಮಾಡಿಸಿದ. ವೈದ್ಯರು ಅದನ್ನು ನೋಡಿ, “ಹಿಂದೆ ಯಾವಾಗಲೋ ಹೃದಯಾಘಾತ ಆದ ಹಾಗೆ ಕಾಣುತ್ತದೆ. ಆದರೆ ಇದೊಂದನ್ನೇ ನಂಬುವಂತಿಲ್ಲ. ದೊಡ್ಡಾಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿ. ಅಲ್ಲಿಯವರೆಗೆ ಈಜಬೇಡಿ” ಎಂದರು.

ನೇಕಾರ ಮನೆಗೆ ಬಂದು ಮಲಗಿಬಿಟ್ಟ. ಆಸ್ಪತ್ರೆಗೆ ಹೋಗೋಣವೆಂದು ಹೆಂಡತಿ ಎಷ್ಟು ಹೇಳಿದರೂ ಏಳಲಿಲ್ಲ. ಅಲ್ಲಿ ಇನ್ನೂ ಕೆಟ್ಟದ್ದನ್ನು ಹೇಳಿದರೆ ಏನು ಮಾಡುವುದೆಂಬ ಭಯ ಅವನಿಗೆ. ಹೊಳೆಯನ್ನು ಬಿಟ್ಟ, ಮಗ್ಗವನ್ನೂ ಬಿಟ್ಟ. ಮೊಮ್ಮಗಳು ಕೈಚಾಚಿದರೆ ಎತ್ತಿಕೊಳ್ಳಲಿಲ್ಲ. ಉಂಡದ್ದು ಅರಗದೆ ಎದೆ ಉರಿದರೂ ಸಾವು ಬಂತೆಂದು ನಡುಗುತ್ತಿದ್ದ.

ಕುಂಬಾರ ದಿನವೂ ಬಾಗಿಲಿಗೆ ಬರುತ್ತಿದ್ದ. “ಈಜೋದು ಬೇಡ ಕಣೋ, ಬರೀ ದಡದಲ್ಲಿ ಬಂದು ಕೂತ್ಕೊ. ಒಬ್ಬನೇ ಹೋಗೋಕೆ ಬೇಜಾರು.”

“ನಾಳೆ ನೋಡೋಣ” ಎನ್ನುತ್ತಿದ್ದ ನೇಕಾರ.

ವರ್ಷಗಳು ಹಾಗೆಯೇ ಕಳೆದವು. ಒಂದು ಮಳೆಗಾಲದಲ್ಲಿ ಕುಂಬಾರ ಜ್ವರ ಬಂದು ತೀರಿಕೊಂಡ.

ಆಮೇಲೆ ನೇಕಾರನ ಕಣ್ಣಿಗೆ ಪೊರೆ ಬಂತು. ಶಸ್ತ್ರಚಿಕಿತ್ಸೆಗೆ ಮುಂಚೆ ಹೃದಯದ ಪರೀಕ್ಷೆ ಆಗಲೇಬೇಕೆಂದರು. ಇಸಿಜಿ ಮಾಡಿದರು, ಅವನು ಹಳೆಯದನ್ನೆಲ್ಲ ಹೇಳಿಕೊಂಡದ್ದರಿಂದ ಸ್ಕ್ಯಾನನ್ನೂ ಮಾಡಿದರು. ವೈದ್ಯೆ ಹೇಳಿದರು: “ಅಜ್ಜ, ನಿಮ್ಮ ಹೃದಯಕ್ಕೆ ಯಾವತ್ತೂ ಏನೂ ಆಗಿಲ್ಲ. ಆವತ್ತು ಎದೆಗೆ ಅಂಟಿಸುವ ತಂತಿಗಳು ಜಾಗ ತಪ್ಪಿರಬೇಕು. ಒಮ್ಮೊಮ್ಮೆ ಹಾಗಾಗುತ್ತದೆ.”

ಕಣ್ಣು ಗುಣವಾದ ಮೇಲೆ ನೇಕಾರ ಹೊಳೆಗೆ ಇಳಿದ. ನಿಧಾನವಾಗಿ ದಾಟಿದ. ಎದೆ ನೋಯಲಿಲ್ಲ, ಉಸಿರು ಕಟ್ಟಲಿಲ್ಲ. ಬಂಡೆಯ ಮೇಲೆ ಕೂತ. ಮಾತಿಗೆ ಯಾರೂ ಇರಲಿಲ್ಲ. ಮನೆಗೆ ಬಂದು ಹೆಂಡತಿಗೆ, “ದಾಟಿದೆ ಕಣೇ, ಏನೂ ಆಗಲಿಲ್ಲ” ಎಂದು ಹೇಳಿ ಮಗುವಿನಂತೆ ಅತ್ತ.

ಕತೆ ಮುಗಿಯಿತು. ಶಿಷ್ಯ ನಿಟ್ಟುಸಿರಿಟ್ಟು, “ಆ ಯಂತ್ರ ಅವನ ಇಷ್ಟು ವರ್ಷಗಳನ್ನು ಕಸಿದುಕೊಂಡಿತಲ್ಲ, ಗುರುಗಳೇ” ಎಂದ.

ಗುರುಗಳು ಹೇಳಿದರು: “ಯಂತ್ರ ತಪ್ಪಿದ್ದು ಒಂದೇ ಒಂದು ಬೆಳಗ್ಗೆ, ಮಿಕ್ಕ ಬೆಳಗುಗಳೆಲ್ಲ ಅವನ ಕೈಯಲ್ಲೇ ಇದ್ದವು.”